ಮಾನದಂಡ ಹಲವು, ತೀರ್ಮಾನ ಒಂದು: ಅಂಕ, ವೇಟೇಜ್, ತಜ್ಞರ ಅಂದಾಜು ಹಾಕುವ ಪೂರ್ತಿ ವಿಧಾನ

ಮೀಟಿಂಗ್‌ನಲ್ಲಿ ಎಕ್ಸೆಲ್ ಶೀಟ್ ತೆರೆದಿರುತ್ತದೆ. ಎಡಗಡೆ ಆಯ್ಕೆಗಳು, ಮೇಲೆ ಮಾನದಂಡಗಳು. ಯಾರೋ ಒಬ್ಬರು "ಖರ್ಚಿಗೆ ಶೇ. 40 ವೇಟೇಜ್ ಕೊಡೋಣ್ವಾ?" ಅನ್ನುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ, ಹತ್ತು ನಿಮಿಷದಲ್ಲಿ ಎಲ್ಲ ಕಾಲಂ ತುಂಬಿ, ಕೊನೆಗೆ 7.42 ಬಂದ ಆಯ್ಕೆ 7.38 ಬಂದದ್ದನ್ನು ಸೋಲಿಸಿಬಿಡುತ್ತದೆ. ಆ ಶೇ. 40 ಎಲ್ಲಿಂದ ಬಂತು ಅಂತ ಕೇಳಿ ನೋಡಿ, ಯಾರ ಹತ್ತಿರವೂ ಉತ್ತರ ಇರಲ್ಲ.

ಗುಣಿಸುವುದು, ಕೂಡುವುದು ಯಾರು ಬೇಕಾದರೂ ಮಾಡಬಹುದು. ಕೆಲಸ ಕೆಡುವುದು ಮುಖ್ಯವಾಗಿ ಎರಡು ಜಾಗದಲ್ಲಿ. ಒಂದು, ವೇಟೇಜ್ ಕೇಳುವ ರೀತಿ. ಇನ್ನೊಂದು, ತಜ್ಞರನ್ನು ಕೇಳುವ ರೀತಿ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಅವೆರಡಕ್ಕೇ ಕೊಟ್ಟಿದ್ದೇನೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಆಸ್ಪತ್ರೆಯ ಲ್ಯಾಬ್ ಒಂದಕ್ಕೆ ರಕ್ತ ಪರೀಕ್ಷೆ ಮಾಡುವ ಮಷಿನ್ ಬೇಕು. ಎ, ಬಿ, ಸಿ ಅಂತ ಮೂರು ಮಷಿನ್ ಕೊನೆಯ ಸುತ್ತಿಗೆ ಬಂದಿವೆ. ಸಂಖ್ಯೆಗಳು ನಾನು ಲೆಕ್ಕ ತೋರಿಸಲು ಹಾಕಿಕೊಂಡವು.

ಹಂತ 1: ಪ್ರಶ್ನೆ ಬರೆಯಿರಿ, ಆಗದ್ದನ್ನು ಮೊದಲೇ ತೆಗೆಯಿರಿ

"ಒಳ್ಳೆ ಮಷಿನ್ ಯಾವುದು?" ಅನ್ನುವುದು ಪ್ರಶ್ನೆಯೇ ಅಲ್ಲ. "ಮುಂದಿನ 5 ವರ್ಷ ಈ ಲ್ಯಾಬ್‌ನಲ್ಲಿ ಓಡಿಸಲು ಈ ಮೂರರಲ್ಲಿ ಯಾವುದು?" ಅನ್ನುವುದು ಪ್ರಶ್ನೆ. ಯಾರಿಗೆ, ಎಷ್ಟು ಕಾಲಕ್ಕೆ, ಯಾವುದರ ನಡುವೆ, ಮೂರೂ ಅದರಲ್ಲಿರಬೇಕು. "ಸದ್ಯಕ್ಕೆ ಏನೂ ತಗೊಳ್ಳೋದು ಬೇಡ" ಅನ್ನುವುದೂ ಒಂದು ಆಯ್ಕೆಯಾಗಿದ್ದರೆ ಅದಕ್ಕೂ ಪಟ್ಟಿಯಲ್ಲಿ ಜಾಗ ಕೊಡಿ.

ಆಮೇಲೆ ಕನಿಷ್ಠ ಮಿತಿಗಳು. ಬಜೆಟ್ ದಾಟಬಾರದು, ಸುರಕ್ಷತಾ ಪ್ರಮಾಣಪತ್ರ ಇರಲೇಬೇಕು, ಇಂಥವು. ಇವಕ್ಕೆ ಅಂಕ ಕೊಡಲು ಹೋಗಬೇಡಿ. ಪಾಸ್ ಅಥವಾ ಫೇಲ್, ಅಷ್ಟೇ. ಅಂಕ ಕೂಡುವ ಯಾವುದೇ ವಿಧಾನದಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚುಗಾರಿಕೆ ಮುಚ್ಚಿಹಾಕುತ್ತದೆ. ಸುರಕ್ಷತೆ ಇಲ್ಲದ ಮಷಿನ್ ಅಗ್ಗವಾಗಿದೆ ಅಂತ ಗೆದ್ದುಬಿಡಬಾರದಲ್ವಾ?

ಹಂತ 2: ಮಾನದಂಡ ಆರಿಸುವುದು

ನಾಲ್ಕರಿಂದ ಎಂಟರೊಳಗೆ ನಿಲ್ಲಿಸಿ. ಹದಿನೈದು ಮಾನದಂಡ ಇಟ್ಟುಕೊಂಡರೆ ಕೊನೆಯ ಏಳೆಂಟಕ್ಕೆ ಜನ ಸುಮ್ನೆ ಏನೋ ಒಂದು ನಂಬರ್ ಬರೆಯುತ್ತಾರೆ. ಪ್ರತಿ ಮಾನದಂಡಕ್ಕೂ ಎರಡು ಪರೀಕ್ಷೆ ಮಾಡಿ. ಮೊದಲನೆಯದು: ಆಯ್ಕೆಗಳ ನಡುವೆ ಇದರಲ್ಲಿ ವ್ಯತ್ಯಾಸ ಇದೆಯಾ? ಮೂರೂ ಮಷಿನ್ ಒಂದೇ ಅಳತೆಯ ಜಾಗ ಹಿಡಿಯುತ್ತವೆ ಅಂದರೆ ಜಾಗ ಎಷ್ಟೇ ಮುಖ್ಯವಾಗಿದ್ದರೂ ಪಟ್ಟಿಯಿಂದ ಹೊರಗೆ. ಎರಡನೆಯದು: ಒಂದೇ ವಿಷಯ ಎರಡು ಹೆಸರಲ್ಲಿ ಬಂದಿದೆಯಾ? "ವಿಶ್ವಾಸಾರ್ಹತೆ", "ಕೆಟ್ಟು ನಿಲ್ಲುವ ದಿನಗಳು", "ರಿಪೇರಿ ಖರ್ಚು" ಮೂರನ್ನೂ ಹಾಕಿದರೆ ಒಂದೇ ಗುಣವನ್ನು ಮೂರು ಸಲ ಎಣಿಸಿದ ಹಾಗೆ. ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಯಾಕಂದರೆ ಪ್ರತಿ ಸಾಲೂ ಓದುವಾಗ ಸರಿಯಾಗಿಯೇ ಕಾಣುತ್ತದೆ.

ನಮ್ಮ ಲ್ಯಾಬ್‌ಗೆ ನಾಲ್ಕು ಉಳಿದವು ಅಂದುಕೊಳ್ಳಿ:

- 5 ವರ್ಷದ ಒಟ್ಟು ಖರ್ಚು, ಬಜೆಟ್‌ನ ಶೇಕಡಾವಾರು: ಎ 70, ಬಿ 90, ಸಿ 80
- ಗಂಟೆಗೆ ಎಷ್ಟು ಸ್ಯಾಂಪಲ್: ಎ 200, ಬಿ 400, ಸಿ 250
- ವರ್ಷಕ್ಕೆ ಕೆಟ್ಟು ನಿಲ್ಲುವ ದಿನ: ಎ 12, ಬಿ 8, ಸಿ 4
- ಸಿಬ್ಬಂದಿ ಕಲಿಯಲು ಬೇಕಾದ ವಾರ: ಎ 2, ಬಿ 6, ಸಿ 3

ಖರ್ಚು ಮತ್ತು ವೇಗ ಕಾಗದದಲ್ಲಿ ಸಿಗುತ್ತವೆ. ಕಲಿಯುವ ವಾರ ಹೇಗೋ ಗೊತ್ತಾಗುತ್ತದೆ. ಮೂರನೆಯದು ಮಾತ್ರ ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಕಂಪನಿ ಹೇಳುವುದನ್ನು ಹಾಗೇ ನಂಬುವ ಹಾಗೂ ಇಲ್ಲ. ತಜ್ಞರು ಬೇಕಾಗುವುದು ಇಲ್ಲಿ, ಮೇಲಿನ 12, 8, 4 ಅವರ ಅಂದಾಜುಗಳೇ.

ಹಂತ 3: ತಜ್ಞರನ್ನು ಕೇಳುವುದು

ಮೊದಲು ಒಂದು ಗೆರೆ ಎಳೆದುಕೊಳ್ಳಿ. "ಎಷ್ಟು ದಿನ ನಿಲ್ಲುತ್ತದೆ?" ಅನ್ನುವುದು ವಾಸ್ತವದ ಪ್ರಶ್ನೆ, ಅದು ತಜ್ಞರಿಗೆ. "ನಿಲ್ಲದಿರುವುದಕ್ಕೆ ಎಷ್ಟು ಬೆಲೆ ಕೊಡಬೇಕು?" ಅನ್ನುವುದು ಬೇಕು-ಬೇಡದ ಪ್ರಶ್ನೆ, ಅದು ತೀರ್ಮಾನಕ್ಕೆ ಹೊಣೆಯಾಗುವವರಿಗೆ. ಎಂಜಿನಿಯರ್ ಹತ್ತಿರ ವೇಟೇಜ್ ಕೇಳುವುದು, ಆಡಳಿತದವರ ಹತ್ತಿರ ಪಂಪ್ ಎಷ್ಟು ದಿನ ಬಾಳುತ್ತದೆ ಅಂತ ಕೇಳುವುದು, ಎರಡೂ ಬೇಡ.

ತಜ್ಞರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಕೇಳಿದರೆ ಮೊದಲು ಬಾಯಿ ತೆರೆದವರ ನಂಬರಿನ ಸುತ್ತಲೇ ಉಳಿದವರ ನಂಬರೂ ಗಿರಕಿ ಹೊಡೆಯುತ್ತದೆ. ಸೀನಿಯರ್ ಮಾತಾಡಿಬಿಟ್ಟರಂತೂ ಮುಗಿದೇ ಹೋಯಿತು. ಇದನ್ನು ತಪ್ಪಿಸಲೆಂದೇ 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯಲ್ಲಿ ಡೆಲ್ಫಿ ವಿಧಾನ ಹುಟ್ಟಿತು: ತಜ್ಞರು ಒಬ್ಬರನ್ನೊಬ್ಬರು ನೋಡುವುದಿಲ್ಲ, ಉತ್ತರ ಬರೆದು ಕೊಡುತ್ತಾರೆ, ಎಲ್ಲರ ಉತ್ತರ ಮತ್ತು ಕಾರಣಗಳನ್ನು ಹೆಸರಿಲ್ಲದೆ ಹಂಚಲಾಗುತ್ತದೆ, ಮತ್ತೆ ಬರೆಯುತ್ತಾರೆ. ನಾರ್ಮನ್ ಡಾಲ್ಕಿ ಮತ್ತು ಓಲಾಫ್ ಹೆಲ್ಮರ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 7 ತಜ್ಞರಿದ್ದರು. ಅಮೆರಿಕದ ಶಸ್ತ್ರಾಸ್ತ್ರ ಉತ್ಪಾದನೆಯನ್ನು ಇಂತಿಷ್ಟು ಇಳಿಸಲು ಎಷ್ಟು ಅಣುಬಾಂಬ್ ಬೇಕು ಅನ್ನುವುದು ಪ್ರಶ್ನೆ. ಮೊದಲ ಸುತ್ತಿನ ಉತ್ತರಗಳು 50ರಿಂದ 5000ದ ತನಕ ಹರಡಿದ್ದವು! ಮುಂದಿನ ಸುತ್ತುಗಳಲ್ಲಿ ಬಹಳ ಹತ್ತಿರ ಬಂದವು. ತಜ್ಞರು ಅಂದ ಮಾತ್ರಕ್ಕೆ ಅವರ ನಡುವೆ ನೂರು ಪಟ್ಟು ವ್ಯತ್ಯಾಸ ಇರಬಾರದು ಅಂತೇನೂ ಇಲ್ಲ.

ಸಣ್ಣ ತಂಡಕ್ಕೆ ನನಗೆ ಹಿಡಿಸುವುದು ಇದರ ಇನ್ನೊಂದು ರೂಪ. ಮೊದಲು ಒಬ್ಬೊಬ್ಬರೇ ಅಂದಾಜು ಬರೆಯುವುದು, ಆಮೇಲೆ ಕೂತು ಮಾತಾಡುವುದು, ಕೊನೆಗೆ ಮತ್ತೆ ಒಬ್ಬೊಬ್ಬರೇ ಬರೆಯುವುದು, ಸರಾಸರಿ ತೆಗೆಯುವುದು. ಐಡಿಯಾ ಪ್ರೋಟೋಕಾಲ್ ಅಂತ ಇದರ ಹೆಸರು. ಮಾಡುವ ರೀತಿ ಹೀಗೆ.

ಪ್ರಶ್ನೆಯಲ್ಲಿ ಸಂದಿಗೊಂದಿ ಬಿಡಬೇಡಿ. "ಬಿ ಮಷಿನ್ ಎಷ್ಟು ವಿಶ್ವಾಸಾರ್ಹ?" ಅಂತ ಕೇಳಬೇಡಿ. "ಬಿ ಮಷಿನ್, ನಮ್ಮ ಲ್ಯಾಬ್‌ನಲ್ಲಿ, ಎರಡನೇ ವರ್ಷದಲ್ಲಿ, ಮೊದಲೇ ನಿಗದಿಯಾದ ಸರ್ವಿಸ್ ದಿನ ಬಿಟ್ಟು, ಎಷ್ಟು ದಿನ ಕೆಲಸ ಮಾಡದೆ ನಿಲ್ಲುತ್ತದೆ?" ಅಂತ ಕೇಳಿ.

ಒಂದೇ ನಂಬರ್ ಕೇಳಬೇಡಿ, ಮೂರು ಕೇಳಿ, ಅದೂ ಈ ಕ್ರಮದಲ್ಲಿ: ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು, ನಿಮ್ಮ ಅಂದಾಜು ಎಷ್ಟು. ಅಂದಾಜನ್ನು ಮೊದಲು ಕೇಳಿದರೆ ಅದಕ್ಕೇ ಅಂಟಿಕೊಂಡು ಆಚೆ ಒಂದು, ಈಚೆ ಒಂದು ಸೇರಿಸಿ ಕೊಡುತ್ತಾರೆ. ವ್ಯಾಪ್ತಿ ಅಂದರೇನು ಅಂತಲೂ ಹೇಳಿಬಿಡಿ: ಇಂಥ ಹತ್ತು ಪ್ರಶ್ನೆ ಕೇಳಿದರೆ ಎಂಟರಲ್ಲಿ ನಿಜವಾದ ಉತ್ತರ ನೀವು ಕೊಟ್ಟ ವ್ಯಾಪ್ತಿಯೊಳಗೆ ಬೀಳಬೇಕು. ಇಷ್ಟು ಹೇಳಿದರೂ ಹೆಚ್ಚಿನವರು ವ್ಯಾಪ್ತಿಯನ್ನು ಕಿರಿದಾಗಿಯೇ ಕೊಡುತ್ತಾರೆ. ಅತಿಯಾದ ನಂಬಿಕೆ ತಜ್ಞರಲ್ಲೂ ಅಷ್ಟೇ ಇರುತ್ತದೆ.

ಬಿ ಮಷಿನ್ ಬಗ್ಗೆ ನಾಲ್ವರ ಮೊದಲ ಅಂದಾಜು 10, 4, 9, 9 ಅಂತ ಬಂತು ಅಂದುಕೊಳ್ಳಿ. ಇಲ್ಲೇ ಸರಾಸರಿ ತೆಗೆದು ಎದ್ದು ಹೋಗುವ ಆಸೆ ಆಗುತ್ತದೆ. ತಡೆಯಿರಿ. ಆ 4 ಯಾಕೆ ಬಂತು ಅಂತ ಕೇಳಿ, "ನೀವು ತಪ್ಪು" ಅನ್ನುವ ಧಾಟಿಯಲ್ಲಿ ಬೇಡ. ಕೇಳಿದಾಗ ಎರಡು ವಿಷಯ ಹೊರಬರಬಹುದು. ಅವರು ಕೆಟ್ಟ ದಿನ ಮಾತ್ರ ಎಣಿಸಿದ್ದಾರೆ, ಬಿಡಿಭಾಗ ಬರುವ ತನಕ ಕಾಯುವ ದಿನ ಎಣಿಸಿಲ್ಲ. ಅದು ಅವರ ಕಡೆ ಬಿಟ್ಟುಹೋದದ್ದು. ಆದರೆ ಹೊಸ ಮಾಡೆಲ್‌ನಲ್ಲಿ ಪಂಪ್ ಬದಲಾಗಿದೆ ಅನ್ನುವುದು ಅವರೊಬ್ಬರಿಗೇ ಗೊತ್ತಿತ್ತು. ಅದು ಉಳಿದವರ ಕಡೆ ಬಿಟ್ಟುಹೋದದ್ದು. ಎರಡನೇ ಸುತ್ತಿನಲ್ಲಿ ಅಂದಾಜು 9, 6, 9, 8 ಆಗುತ್ತದೆ, ಸರಾಸರಿ 8. ಕಡಿಮೆ ಅಂದರೆ ಅನ್ನುವುದರ ಸರಾಸರಿ 5, ಜಾಸ್ತಿ ಅಂದರೆ ಅನ್ನುವುದರ ಸರಾಸರಿ 11 ಅಂತಿಟ್ಟುಕೊಳ್ಳಿ. ಈ 5 ಮತ್ತು 11 ಮುಂದೆ ಬೇಕಾಗುತ್ತವೆ, ಎಸೆಯಬೇಡಿ. ಎಲ್ಲರೂ ಒಂದೇ ನಂಬರಿಗೆ ಬರಲೇಬೇಕು ಅಂತ ಮಾತ್ರ ಒತ್ತಾಯ ಬೇಡ.

ಎಲ್ಲರ ಮಾತಿಗೂ ಒಂದೇ ಬೆಲೆನಾ ಅಂತ ಕೇಳಬಹುದು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ರೋಜರ್ ಕುಕ್ ಇದಕ್ಕೊಂದು ದಾರಿ ಮಾಡಿದರು. ಉತ್ತರ ನಮಗೆ ಗೊತ್ತಿರುವ, ತಜ್ಞರಿಗೆ ಆ ಕ್ಷಣ ಗೊತ್ತಿರದ ಕೆಲವು ಪ್ರಶ್ನೆಗಳನ್ನು ಅದೇ ಕ್ಷೇತ್ರದಿಂದ ಕೇಳುವುದು. ಯಾರ ವ್ಯಾಪ್ತಿಯೊಳಗೆ ನಿಜ ಉತ್ತರ ಸರಿಯಾದ ಪ್ರಮಾಣದಲ್ಲಿ ಬೀಳುತ್ತದೆ, ಜೊತೆಗೆ ವ್ಯಾಪ್ತಿ ಸುಮ್ಮಸುಮ್ಮನೆ ಅಗಲವಾಗಿರುವುದಿಲ್ಲ, ಅವರ ಅಂದಾಜಿಗೆ ಹೆಚ್ಚು ಬೆಲೆ. ವಯಸ್ಸು, ಹುದ್ದೆ, ಡಿಗ್ರಿ ನೋಡಿ ಬೆಲೆ ಕಟ್ಟುವುದಕ್ಕಿಂತ ಇದು ಎಷ್ಟೋ ನ್ಯಾಯ. ಆದರೆ ಒಳ್ಳೆಯ ಪರೀಕ್ಷಾ ಪ್ರಶ್ನೆ ಹುಡುಕುವುದೇ ದೊಡ್ಡ ಕೆಲಸ. ದೊಡ್ಡ, ಅಪಾಯದ ತೀರ್ಮಾನಗಳಿಗೆ ಮಾಡಿ. ಮಷಿನ್ ಕೊಳ್ಳುವುದಕ್ಕೆ ಸಮಾನ ಸರಾಸರಿ ಸಾಕು.

ಹಂತ 4: ಎಲ್ಲವನ್ನೂ ಒಂದೇ ಅಳತೆಗೆ ತರುವುದು

ದಿನ, ವಾರ, ಶೇಕಡಾ, ಸ್ಯಾಂಪಲ್, ಇವನ್ನು ಹಾಗೇ ಕೂಡಲು ಬರುವುದಿಲ್ಲ. ಪ್ರತಿ ಮಾನದಂಡದಲ್ಲಿ ಕೆಟ್ಟದ್ದಕ್ಕೆ 0, ಒಳ್ಳೆಯದಕ್ಕೆ 100 ಕೊಡಿ, ನಡುವಿನದ್ದು ಅದರ ದೂರಕ್ಕೆ ತಕ್ಕ ಹಾಗೆ. ಹೀಗೆ ಬರುತ್ತದೆ:

- ಖರ್ಚು: ಎ 100, ಬಿ 0, ಸಿ 50
- ವೇಗ: ಎ 0, ಬಿ 100, ಸಿ 25
- ನಿಲ್ಲುವ ದಿನ: ಎ 0, ಬಿ 50, ಸಿ 100
- ಕಲಿಕೆ: ಎ 100, ಬಿ 0, ಸಿ 75

ಒಂದು ಕಡೆ ಹುಷಾರು. ಹೀಗೆ ನೇರ ಗೆರೆ ಹಾಕುವಾಗ, ಗಂಟೆಗೆ 200ರಿಂದ 300ಕ್ಕೆ ಏರಿದ್ದಕ್ಕೂ 300ರಿಂದ 400ಕ್ಕೆ ಏರಿದ್ದಕ್ಕೂ ಒಂದೇ ಬೆಲೆ ಅಂತ ಒಪ್ಪಿಕೊಂಡ ಹಾಗಾಯಿತು. ಲ್ಯಾಬ್‌ಗೆ ಎಂದೂ ಗಂಟೆಗೆ 300ಕ್ಕಿಂತ ಜಾಸ್ತಿ ಸ್ಯಾಂಪಲ್ ಬರುವುದೇ ಇಲ್ಲ ಅಂದರೆ ಆಮೇಲಿನ ವೇಗಕ್ಕೆ ಬೆಲೆಯೇ ಇಲ್ಲ. ಆಗ 300ಕ್ಕೇ 100 ಕೊಟ್ಟು ನಿಲ್ಲಿಸಬೇಕು. ಪ್ರತಿ ಸಾಲಿಗೂ ಈ ಪ್ರಶ್ನೆ ಒಂದು ಸಲ ಕೇಳಿಕೊಳ್ಳಿ.

ಹಂತ 5: ವೇಟೇಜ್

"ಯಾವ ಮಾನದಂಡ ಎಷ್ಟು ಮುಖ್ಯ?" ಅಂತ ಎಲ್ಲರೂ ಕೇಳುತ್ತಾರೆ. ಕೇಳಬಾರದ ಪ್ರಶ್ನೆ ಅದೇ.

ಖರ್ಚು ಮುಖ್ಯವಾ ಅಂದರೆ ಯಾರಾದರೂ ಇಲ್ಲ ಅನ್ನುತ್ತಾರಾ? ಆದರೆ ಮೂರೂ ಮಷಿನ್‌ಗಳ ಖರ್ಚಿನಲ್ಲಿ ಬಜೆಟ್‌ನ ಶೇ. 1ರಷ್ಟೇ ವ್ಯತ್ಯಾಸ ಇದ್ದರೆ? ನಮ್ಮ ಅಳತೆಯಲ್ಲಿ ಆಗಲೂ ಅಗ್ಗದ್ದಕ್ಕೆ 100, ತುಟ್ಟಿಯದಕ್ಕೆ 0 ಬಿದ್ದಿರುತ್ತದೆ. ಅದಕ್ಕೆ ಶೇ. 40 ವೇಟೇಜ್ ಕೊಟ್ಟರೆ ಆ ಚಿಲ್ಲರೆ ವ್ಯತ್ಯಾಸವೇ ಇಡೀ ತೀರ್ಮಾನ ಮಾಡಿಬಿಡುತ್ತದೆ. ವೇಟೇಜ್ ಮಾನದಂಡದ ಹೆಸರಿಗೆ ಕೊಡುವುದಲ್ಲ. ಈ ಪಟ್ಟಿಯಲ್ಲಿರುವ ಕೆಟ್ಟದ್ದರಿಂದ ಒಳ್ಳೆಯದಕ್ಕೆ ಆಗುವ ಜಿಗಿತಕ್ಕೆ ಕೊಡುವುದು. ಈ ಲೇಖನದಿಂದ ಒಂದೇ ಒಂದು ವಿಷಯ ತೆಗೆದುಕೊಂಡು ಹೋಗುತ್ತೀರಿ ಅಂದರೆ ಇದನ್ನೇ ತೆಗೆದುಕೊಳ್ಳಿ.

ಕೇಳುವ ರೀತಿಗೆ ಸ್ವಿಂಗ್ ವಿಧಾನ ಅನ್ನುತ್ತಾರೆ. ಎಲ್ಲದರಲ್ಲೂ ಕೆಟ್ಟದಾಗಿರುವ ಒಂದು ಮಷಿನ್ ಕಲ್ಪಿಸಿಕೊಳ್ಳಿ: ಖರ್ಚು ಬಜೆಟ್‌ನ ಶೇ. 90, ಗಂಟೆಗೆ 200 ಸ್ಯಾಂಪಲ್, ವರ್ಷಕ್ಕೆ 12 ದಿನ ಬಂದ್, ಕಲಿಯಲು 6 ವಾರ. ಇದರಲ್ಲಿ ಒಂದನ್ನು ಮಾತ್ರ ಒಳ್ಳೆಯ ಮಟ್ಟಕ್ಕೆ ಏರಿಸಬಹುದು ಅಂದರೆ ಯಾವುದನ್ನು ಏರಿಸುತ್ತೀರಿ? "12 ದಿನವನ್ನು 4ಕ್ಕೆ ಇಳಿಸಿ" ಅಂದರು. ಅದಕ್ಕೆ 100. ಮುಂದಿನದು? "200ನ್ನು 400 ಮಾಡಿ." ಮೊದಲ ಜಿಗಿತ 100 ಆದರೆ ಇದು ಎಷ್ಟು? 80. ಖರ್ಚು 90ರಿಂದ 70ಕ್ಕೆ: 50. ಕಲಿಕೆ 6 ವಾರದಿಂದ 2ಕ್ಕೆ: 20. ಒಟ್ಟು 250. ಪ್ರತಿಯೊಂದನ್ನೂ 250ರಿಂದ ಭಾಗಿಸಿದರೆ 0.40, 0.32, 0.20, 0.08.

ಇದನ್ನೂ ಮೊದಲು ಒಬ್ಬೊಬ್ಬರೇ ಮಾಡಲಿ. ಹಣಕಾಸಿನವರು ಖರ್ಚಿಗೆ 100 ಕೊಡಬಹುದು, ಲ್ಯಾಬ್‌ನವರು 20. ಥಟ್ಟಂತ ಸರಾಸರಿ ತೆಗೆದರೆ ಆ ಜಗಳ ಕಾಣದ ಹಾಗೆ ಹೂತುಹೋಗುತ್ತದೆ, ಖರೀದಿ ಆದಮೇಲೆ ಎದ್ದು ಬರುತ್ತದೆ. ಎರಡೂ ವೇಟೇಜ್‌ನಲ್ಲಿ ಲೆಕ್ಕ ಹಾಕಿ ನೋಡಿ. ಗೆಲ್ಲುವ ಮಷಿನ್ ಒಂದೇ ಆದರೆ ಜಗಳ ಆಡುವ ಅಗತ್ಯವೇ ಇಲ್ಲ.

ನಂಬರಿಗೆ ಒಪ್ಪದಿದ್ದರೂ ಕ್ರಮಕ್ಕೆ ಒಪ್ಪುತ್ತಾರೆ ಅನ್ನುವ ಸಂದರ್ಭ ಬಹಳ ಸಲ ಬರುತ್ತದೆ. ವಾರ್ಡ್ ಎಡ್ವರ್ಡ್ಸ್ ಮತ್ತು ಹಟನ್ ಬ್ಯಾರನ್ 1994ರಲ್ಲಿ ಇದಕ್ಕೊಂದು ಸುಲಭ ದಾರಿ ಮುಂದಿಟ್ಟರು: ಕ್ರಮದಿಂದಲೇ ವೇಟೇಜ್ ತೆಗೆಯುವುದು. ನಾಲ್ಕು ಮಾನದಂಡಕ್ಕೆ ಅದು 0.52, 0.27, 0.15, 0.06. ಇದರಲ್ಲೂ ಜಿಗಿತಗಳ ಕ್ರಮವನ್ನೇ ಕೇಳಬೇಕು, ಮುಖ್ಯತೆಯ ಕ್ರಮವನ್ನಲ್ಲ.

ಜೋಡಿ ಹೋಲಿಕೆ, ಅಂದರೆ ಎಎಚ್‌ಪಿ

ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್) ಬಹುಶಃ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ವಿಧಾನ. ಎರಡೆರಡು ಮಾನದಂಡಗಳನ್ನು ಎದುರುಬದುರು ಇಟ್ಟು 1ರಿಂದ 9ರ ಅಳತೆಯಲ್ಲಿ ಯಾವುದು ಎಷ್ಟು ಪಟ್ಟು ಮೇಲು ಅಂತ ಕೇಳುತ್ತಾರೆ. 4 ಮಾನದಂಡಕ್ಕೆ 6 ಹೋಲಿಕೆ. 8ಕ್ಕೆ 28, ಅಷ್ಟರಲ್ಲಿ ಜನ ಸುಸ್ತಾಗಿರುತ್ತಾರೆ.

ಇದರ ದೊಡ್ಡ ಲಾಭ, ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವಾ ಅಂತ ಪರೀಕ್ಷಿಸಬಹುದು. ನಿಲ್ಲುವ ದಿನ ಖರ್ಚಿನ 3 ಪಟ್ಟು, ಖರ್ಚು ಕಲಿಕೆಯ 2 ಪಟ್ಟು ಅಂದವರು ದಿನ ಕಲಿಕೆಯ 6 ಪಟ್ಟು ಅನ್ನಬೇಕು. 2 ಪಟ್ಟು ಅಂದರೆ ಎಲ್ಲೋ ಎಡವಟ್ಟಾಗಿದೆ. ಈ ಎಡವಟ್ಟಿನ ಪ್ರಮಾಣವನ್ನು ಒಂದು ಅನುಪಾತವಾಗಿ ಲೆಕ್ಕ ಹಾಕುತ್ತಾರೆ, 0.10ರ ಒಳಗಿದ್ದರೆ ಸರಿ ಅನ್ನುವುದು ಸಾಟಿ ಕೊಟ್ಟ ನಿಯಮ. 0.10 ದಾಟಿತು ಅಂತ ಸಾಫ್ಟ್‌ವೇರ್ ಹೇಳಿದಾಗ ನಂಬರ್‌ಗಳನ್ನು ತಿದ್ದಿ ತಿದ್ದಿ ಒಳಗೆ ತರುವವರಿದ್ದಾರೆ. ಅದು ಬೇಡ, ಉತ್ತರ ಕೊಟ್ಟವರ ಹತ್ತಿರವೇ ವಾಪಸ್ ಹೋಗಿ ಕೇಳಿ.

ನಷ್ಟವೂ ಇದೆ. ಪಟ್ಟಿಗೆ ಹೊಸದೊಂದು ಆಯ್ಕೆ ಸೇರಿಸಿದರೆ, ಅದು ಗೆಲ್ಲದಿದ್ದರೂ, ಹಳೆಯ ಎರಡರ ಕ್ರಮ ಅದಲುಬದಲಾಗಬಹುದು. ವ್ಯಾಲೆರಿ ಬೆಲ್ಟನ್ ಮತ್ತು ಟೋನಿ ಗಿಯರ್ 1983ರಲ್ಲೇ ಇದನ್ನು ತೋರಿಸಿದರು. ಹೋಲಿಕೆಗಳ ಸಂಖ್ಯೆ ಇಳಿಸಬೇಕು ಅಂದರೆ ಜಾಫರ್ ರೆಜಾಯಿ 2015ರಲ್ಲಿ ಕೊಟ್ಟ ಬೆಸ್ಟ್-ವರ್ಸ್ಟ್ ವಿಧಾನ ನೋಡಿ. ಅತಿ ಮುಖ್ಯವಾದದ್ದನ್ನು ಮತ್ತು ಅತಿ ಕಡಿಮೆ ಮುಖ್ಯವಾದದ್ದನ್ನು ಮಾತ್ರ ಉಳಿದವುಗಳ ಜೊತೆ ಹೋಲಿಸಿದರೆ ಸಾಕು, 8 ಮಾನದಂಡಕ್ಕೆ 28ರ ಬದಲು 13 ಪ್ರಶ್ನೆ. ಟಾಪ್ಸಿಸ್, ಎಲೆಕ್ಟ್ರ್, ಪ್ರೊಮಿಥಿ ಅಂತ ಇನ್ನೂ ವಿಧಾನಗಳಿವೆ. ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುವುದು ನಿಮಗೆ ಒಪ್ಪಿಗೆ ಇಲ್ಲ ಅಂದರೆ ಬರ್ನಾರ್ಡ್ ರಾಯ್ ಅವರ ಎಲೆಕ್ಟ್ರ್ ಕಡೆ ಹೋಗಿ, ಅದರಲ್ಲಿ ಒಂದು ಮಾನದಂಡದಲ್ಲಿ ತೀರಾ ಹಿಂದೆ ಬಿದ್ದ ಆಯ್ಕೆಗೆ ವೀಟೋ ಹಾಕುವ ವ್ಯವಸ್ಥೆ ಇದೆ. ಉಳಿದಂತೆ, ವೇಟೇಜ್ ತಪ್ಪಾಗಿ ಕೇಳಿ ಯಾವ ಹೆಸರಿನ ವಿಧಾನ ಬಳಸಿದರೂ ಒಂದೇ.

ಹಂತ 6: ಕೂಡಿ, ಆಮೇಲೆ ಅಲ್ಲಾಡಿಸಿ ನೋಡಿ

ಅಂಕವನ್ನು ವೇಟೇಜ್‌ನಿಂದ ಗುಣಿಸಿ ಕೂಡಿದರೆ ಎ 28, ಬಿ 52, ಸಿ 64. ಸಿ ಗೆದ್ದಿತು. ಹೆಚ್ಚಿನವರು ಇಲ್ಲಿಗೆ ಫೈಲ್ ಮುಚ್ಚುತ್ತಾರೆ. ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಶುರುವಾಗುವುದೇ ಇಲ್ಲಿಂದ.

ಏನು ಬದಲಾದರೆ ಸಿ ಸೋಲುತ್ತದೆ? ವೇಗದ ವೇಟೇಜ್ ಏರಿಸುತ್ತಾ, ಉಳಿದವನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತಾ ಹೋದರೆ ಸುಮಾರು 0.41ರ ಹತ್ತಿರ ಬಿ ಸಿಯನ್ನು ಹಿಡಿಯುತ್ತದೆ. ನಾವು ಕೊಟ್ಟದ್ದು 0.32. ನಡುವೆ ಜಾಗ ಇದೆ, ತೀರಾ ಜಾಸ್ತಿ ಏನಿಲ್ಲ. ನಾಲ್ಕಕ್ಕೂ ಸಮಾನ ವೇಟೇಜ್ ಕೊಟ್ಟರೆ ಎ 50, ಬಿ 37.5, ಸಿ 62.5. ಎ ಮತ್ತು ಬಿ ಜಾಗ ಬದಲಾಯಿಸಿಕೊಂಡವು, ಸಿ ಅಲ್ಲೇ ಇದೆ. ಸಮಾನ ವೇಟೇಜ್ ಅಂದರೆ ಮೂಗು ಮುರಿಯಬೇಡಿ. ಮನಶ್ಶಾಸ್ತ್ರಜ್ಞ ರಾಬಿನ್ ಡಾಸ್ 1979ರಲ್ಲಿ ತೋರಿಸಿದ ಹಾಗೆ, ಸರಿಯಾದ ಮಾನದಂಡಗಳು ಕೈಯಲ್ಲಿದ್ದರೆ ಸಮಾನ ವೇಟೇಜ್‌ನ ಲೆಕ್ಕವೂ ಆಶ್ಚರ್ಯವಾಗುವಷ್ಟು ಚೆನ್ನಾಗಿ ನಡೆಯುತ್ತದೆ.

ಈಗ ತಜ್ಞರ ಅಂದಾಜು ಅಲ್ಲಾಡಿಸಿ. ಬಿ 8 ದಿನದ ಬದಲು 6 ದಿನ ನಿಂತರೆ ಅದರ ಒಟ್ಟು ಅಂಕ 62, ಸಿಗೆ ಸರಿಸಮಾನ ಅನ್ನಬಹುದು. 5.6 ದಿನಕ್ಕಿಂತ ಕೆಳಗಿಳಿದರೆ ಬಿಯೇ ಗೆಲ್ಲುತ್ತದೆ. ತಜ್ಞರು ಕೊಟ್ಟ ವ್ಯಾಪ್ತಿ 5ರಿಂದ 11, ಅಂದರೆ ಈ 5.6 ಅದರೊಳಗೇ ಇದೆ, ಅಂಚಿನಲ್ಲಿ. ಇನ್ನೊಂದು ಕಡೆ, ಸಿ 4ರ ಬದಲು 6 ದಿನ ನಿಂತರೆ ಅದರ ಅಂಕ 54ಕ್ಕೆ ಇಳಿದು ಬಿಯ 52ರ ಪಕ್ಕ ಬಂದು ಕೂರುತ್ತದೆ. (ಇಲ್ಲೆಲ್ಲ 4 ಮತ್ತು 12ರ ಅಳತೆಯನ್ನು ಹಾಗೇ ಇಟ್ಟುಕೊಂಡಿದ್ದೇನೆ. ಅಳತೆಯ ತುದಿಗಳನ್ನು ಬದಲಿಸಿದರೆ, ಅಥವಾ ಎ ಪಟ್ಟಿಯಿಂದ ಹೋಯಿತು ಅಂತ ಹೊಸ ತುದಿ ಹಾಕಿದರೆ, ಜಿಗಿತಗಳೇ ಬೇರೆಯಾಗುತ್ತವೆ, ವೇಟೇಜ್ ಮತ್ತೆ ಕೇಳಬೇಕು.)

ಹಾಗಾದರೆ ಮುಂದೇನು ಮಾಡಬೇಕು ಅನ್ನುವುದು ಸ್ಪಷ್ಟವಾಯಿತು. ಖರ್ಚಿನ ಬಗ್ಗೆ ಇನ್ನೊಂದು ಮೀಟಿಂಗ್ ವ್ಯರ್ಥ. ಕಲಿಕೆಯ ವಾರಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದೂ ವ್ಯರ್ಥ. ಬಿ ಮತ್ತು ಸಿ ಈಗಾಗಲೇ ಓಡುತ್ತಿರುವ ಬೇರೆ ಲ್ಯಾಬ್‌ಗಳಿಗೆ ಫೋನ್ ಮಾಡಿ, ಕಳೆದ ವರ್ಷ ಎಷ್ಟು ದಿನ ನಿಂತಿತ್ತು ಅಂತ ಕೇಳಿ. ಬಿಡಿಭಾಗ ಇಷ್ಟು ದಿನದೊಳಗೆ ಕೊಡುತ್ತೇವೆ ಅಂತ ಬಿ ಕಂಪನಿ ಬರೆದುಕೊಟ್ಟರೆ ಅಂದಾಜು ಎಷ್ಟಕ್ಕೆ ಇಳಿಯುತ್ತದೆ ಅಂತ ಅದೇ ನಾಲ್ವರನ್ನು ಇನ್ನೊಮ್ಮೆ ಕೇಳಿ. 64 ಮತ್ತು 62ರ ನಡುವಿನ ವ್ಯತ್ಯಾಸವನ್ನು ವ್ಯತ್ಯಾಸ ಅಂತ ಲೆಕ್ಕಕ್ಕೆ ಇಡಬೇಡಿ, ದಶಮಾಂಶದ ಜಗಳವಂತೂ ಬೇಡವೇ ಬೇಡ.

ಲೆಕ್ಕ ಸಿ ಅನ್ನುತ್ತಿದೆ, ಮನಸ್ಸು ಬಿ ಅನ್ನುತ್ತಿದೆ ಅಂದಾಗ ಏನು ಮಾಡುವುದು? ವೇಟೇಜ್ ತಿರುಚಿ ಬಿ ಬರುವ ಹಾಗೆ ಮಾಡುವವರನ್ನು ಎಲ್ಲರೂ ನೋಡಿರುತ್ತೀರಿ. ಅದರ ಬದಲು, ಬಿಯಲ್ಲಿ ಇಷ್ಟವಾದದ್ದು ಏನು ಅಂತ ಬಾಯಿಬಿಟ್ಟು ಹೇಳಿಸಿ. ಅದು ಪಟ್ಟಿಯಲ್ಲಿಲ್ಲದ ನಿಜವಾದ ಮಾನದಂಡ ಆಗಿದ್ದರೆ ಸೇರಿಸಿ ಮತ್ತೆ ಲೆಕ್ಕ ಹಾಕಿ. ಹೇಳಲು ಏನೂ ಸಿಗದಿದ್ದರೆ ಒಂದೆರಡು ದಿನ ಬಿಡಿ. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲೂ ಪರ-ವಿರೋಧದ ಎರಡು ಕಾಲಂ ಎಳೆದು, ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತಾ ಹೋಗಿ ಆಮೇಲೆ ತೂಗುವ ಕ್ರಮವೇ ಇದೆ. ಒಂದೇ ಮೀಟಿಂಗ್‌ನಲ್ಲಿ ಎಲ್ಲ ಹೊಳೆಯುವುದಿಲ್ಲ.

ಹಂತ 7: ಒಂದು ಪುಟ ಬರೆದಿಡಿ

ತೀರ್ಮಾನ ಆದಮೇಲೆ ಒಂದು ಪುಟ ಸಾಕು. ಪ್ರಶ್ನೆ, ಹೊರಗೆ ಬಿದ್ದ ಆಯ್ಕೆಗಳು ಮತ್ತು ಕಾರಣ, ಪ್ರತಿಯೊಬ್ಬರ ವೇಟೇಜ್, ಎರಡೂ ಸುತ್ತಿನ ಅಂದಾಜುಗಳು ವ್ಯಾಪ್ತಿಯ ಸಮೇತ, ಏನು ಬದಲಾದರೆ ತೀರ್ಮಾನ ಬದಲಾಗುತ್ತಿತ್ತು. ಒಪ್ಪದವರು ಇದ್ದರೆ ಅವರ ಮಾತು ಅವರ ಶಬ್ದದಲ್ಲೇ ಇರಲಿ. ಅಂದಾಜು ಎರಡನೇ ವರ್ಷಕ್ಕೆ ಕೇಳಿದ್ದರಿಂದ, ಎರಡನೇ ವರ್ಷ ಮುಗಿದ ಮೇಲೆ ಮಷಿನ್ ನಿಜಕ್ಕೂ ಎಷ್ಟು ದಿನ ನಿಂತಿತು ಅಂತ ಅದೇ ಪುಟದಲ್ಲಿ ಅಂದಾಜಿನ ಪಕ್ಕ ಬರೆಯಿರಿ. ಇಂಥ ಪುಟಗಳು ಸೇರುತ್ತಾ ಹೋದ ಹಾಗೆ, ಹುಡುಕುವುದು ಕಷ್ಟ ಅಂದೆನಲ್ಲ ಕುಕ್ ಅವರ ಪರೀಕ್ಷಾ ಪ್ರಶ್ನೆಗಳು, ಅವು ನಿಮ್ಮ ಫೈಲ್‌ನಲ್ಲೇ ಸಿಗುತ್ತವೆ.